ಸೀಟಮ್ಮ ಪಿಕಪ್ ನೋಡಲು ಹೋದದ್ದು

ಬಸ್ ಡಿಪೊದಲ್ಲಿ ಇಪ್ಪತ್ತೊಂಬತ್ತು ವರ್ಷ ಸೀಟು ಹೊಲಿದ ಹೆಂಗಸನ್ನು ಸೀಟಮ್ಮ ಎನ್ನದೆ ಇನ್ನೇನೆಂದಾರು? ಅಲ್ಲಿನ ಮೆಕ್ಯಾನಿಕ್ಕುಗಳು ತಮಾಷೆಗೆ ಇಟ್ಟ ಹೆಸರು ಮನೆಯವರೆಗೂ ಬೆನ್ನುಹತ್ತಿ ಬಂದು, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೆಯೇ ಕರೆಯುವಂತಾಗಿತ್ತು. ಅವರ ಹೊಲಿಗೆ ಯಂತ್ರ ಇದ್ದದ್ದು ಮೆಕ್ಯಾನಿಕ್ಕುಗಳು ಇಳಿದು ಬಸ್ಸಿನಡಿ ಕೆಲಸ ಮಾಡುವ ರಿಪೇರಿ ಗುಂಡಿಯ ಪಕ್ಕದ ಮೂಲೆಯಲ್ಲಿ. ಕೈ ಹರಿದ ರೆಕ್ಸಿನ್ ಮೇಲೆ, ಕಿವಿ ಗುಂಡಿಯೊಳಗಿನ ಮಾತಿನ ಮೇಲೆ. ಯಾವ ಸದ್ದಿಗೆ ಯಾವ ರೋಗ, ಯಾವ ಹೊಗೆಗೆ ಯಾವ ಮದ್ದು ಎಂಬುದೆಲ್ಲ ಯಾರೂ ಹೇಳಿಕೊಡದೆ ತಲೆಗೆ ಹತ್ತಿತ್ತು. ಆದರೆ ಅಷ್ಟು ವರ್ಷದಲ್ಲಿ ಒಬ್ಬರಾದರೂ "ನಿಮಗೇನನ್ನಿಸುತ್ತೆ?" ಎಂದು ಕೇಳಿದ್ದಿಲ್ಲ. ಇವರೂ ಹೇಳಲು ಹೋದವರಲ್ಲ.

ನಿವೃತ್ತಿಯಾದ ಮೇಲೆ ಅವರ ತಲೆಗೆ ಒಂದು ಹುಳು ಹೊಕ್ಕಿತು. ಹಳೆಯ ಪಿಕಪ್ ಒಂದನ್ನು ಕೊಂಡು, ಸರಿಮಾಡಿ, ಹಿಂದಿನ ತೊಟ್ಟಿಯಲ್ಲಿ ಹೊಲಿಗೆ ಯಂತ್ರ ಕೂರಿಸಿ, ಲಾರಿ ನಿಲ್ಲುವ ಕಡೆಗೆಲ್ಲ ಹೋಗಿ ಹರಿದ ಸೀಟು, ಟಾರ್ಪಾಲು ಅಲ್ಲಲ್ಲೇ ಹೊಲಿದುಕೊಡಬೇಕು.

"ಮನೇಲೇ ಹೊಲೀಬಾರ್ದಾ?" ಎಂದರು ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

"ಲಾರಿ ಮನೆಯೊಳಗೆ ಬರುತ್ತಾ?"

ಗಂಡ ಪುಟ ತಿರುಗಿಸಿದರು. ಸೀಟಮ್ಮ ಡ್ರೈವಿಂಗ್ ಶಾಲೆ ನಡೆಸುವ ಮೈದುನನ ಬೆನ್ನುಬಿದ್ದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಲೈಸೆನ್ಸು ಪಡೆದರು. ಆಮೇಲೆ ಆರು ತಿಂಗಳು ಗಾಡಿ ಹುಡುಕಾಟ. ನೋಡಿದ್ದೆಲ್ಲ ಒಂದೋ ಕೈಗೆಟುಕದ್ದು, ಇಲ್ಲವೇ ಕೈ ಮುಗಿಯಬೇಕಾದದ್ದು.

ಕೊನೆಗೊಂದು ಭಾನುವಾರ ಬೆಳಿಗ್ಗೆ ಊರಾಚೆಯ ನರ್ಸರಿಯಲ್ಲಿ ಒಂದು ಪಿಕಪ್ ಇದೆಯೆಂದು ತಿಳಿದು, ಮೈದುನನನ್ನು ಕರೆದುಕೊಂಡು ಹೊರಟರು. ನರ್ಸರಿಯ ಯಜಮಾನರು ಎಪ್ಪತ್ತು ದಾಟಿದವರು. ಗೇಟಿನಲ್ಲೇ ಕಾಯುತ್ತಿದ್ದರು. ಸಸಿಗಳ ಸಾಲು ದಾಟಿದರೆ ತಗಡಿನ ಚಪ್ಪರ. ಅದರಡಿ ಹಸಿರು ಬಣ್ಣದ ಪಿಕಪ್, ಇಪ್ಪತ್ತಾರು ವರ್ಷ ಹಳೆಯದು. ಒಂದು ಹೆಡ್‌ಲೈಟಿಗೆ ಗಾಜಿಲ್ಲ. ತೊಟ್ಟಿಯ ಮೂಲೆಯಲ್ಲಿ ಕೂಡಿದ ಮಣ್ಣಿನಲ್ಲಿ ಯಾವುದೋ ಗಿಡ ತಾನಾಗಿಯೇ ಹುಟ್ಟಿಕೊಂಡಿತ್ತು.

"ಗಾಡಿಗಿಂತ ಗಿಡ ಚೆನ್ನಾಗಿದೆ ಅತ್ತಿಗೆ," ಎಂದು ಪಿಸುಗುಟ್ಟಿದ ಮೈದುನ, ಟೈರಿಗೊಂದು ಒದೆ ಕೊಟ್ಟ. ಗಾಡಿ ನೋಡುವುದೆಂದರೆ ಅವನಿಗೆ ಟೈರಿಗೆ ಒದೆಯುವುದು.

ಸೀಟಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು.

"ಬೆಳಿಗ್ಗೆ ಎಲ್ಲಾದರೂ ಹೋಗಿತ್ತಾ ಗಾಡಿ?"

ಯಜಮಾನರು ತಡವರಿಸಿದರು. "ಇಲ್ಲ... ಹಾಗೇ ಸ್ವಲ್ಪ ಸ್ಟಾರ್ಟ್ ಮಾಡಿ ಇಟ್ಟಿದ್ದೆ."

ಮೈದುನನ ಕಿವಿ ನೆಟ್ಟಗಾಯಿತು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನು ಎಂದರೆ ಏನನ್ನೋ ಮುಚ್ಚಿಡುವುದಕ್ಕೇ. ತಣ್ಣಗಿದ್ದಾಗ ಏಳಲು ಮಾಡುವ ರಂಪ ಆಗ ಗೊತ್ತಾಗುವುದಿಲ್ಲ. "ಬನ್ನಿ ಅತ್ತಿಗೆ, ಹೋಗೋಣ," ಎಂದು ಆಗಲೇ ಅರ್ಧ ತಿರುಗಿದ್ದ.

"ಆರಲಿ, ಕಾಯ್ತೀವಿ," ಎಂದರು ಸೀಟಮ್ಮ. "ಅಷ್ಟರಲ್ಲಿ ಉಳಿದದ್ದು ನೋಡ್ತೀನಿ."

ಚೀಲದಿಂದ ಒಂದು ಅಯಸ್ಕಾಂತ ತೆಗೆದರು. ಡಿಪೊದಲ್ಲಿ ನೆಲಕ್ಕೆ ಬಿದ್ದ ಸೂಜಿಗಳನ್ನು ಆರಿಸಲು ಇಟ್ಟುಕೊಂಡಿದ್ದು. ಅದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತ ಹೋದರು. ಎಡ ಬಾಗಿಲಿಗೆ ಗಟ್ಟಿಯಾಗಿ ಅಂಟಿತು. ಬಲ ಬಾಗಿಲ ಕೆಳಭಾಗದಲ್ಲಿ ಹಿಡಿತ ಬಿಟ್ಟು ಜಾರಿತು.

"ಇಲ್ಲಿ ತಗಡಿಲ್ಲ, ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ."

"ಹೌದಾ? ನಂಗೇ ಗೊತ್ತಿರ್ಲಿಲ್ಲ," ಎಂದರು ಯಜಮಾನರು. ಬಗ್ಗಿ ನೋಡಲು ಹೋದವರು ಬಾಗಿಲಿನ ಅಂಚಿಗೆ ಹಣೆ ತಾಗಿಸಿಕೊಂಡರು. ಆಗ ಸೀಟಮ್ಮನಿಗೆ ಹೊಳೆಯಿತು: ಈ ಮನುಷ್ಯನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಸೀಟಮ್ಮ ಗೋಣಿಚೀಲ ಹಾಸಿ, ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಗಾಡಿಯಡಿ ಅಂಗಾತ ಜಾರಿದರು. ಅರುವತ್ತಕ್ಕೆ ಕಾಲಿಟ್ಟ ಅತ್ತಿಗೆಯ ಎರಡು ಪಾದ ಮಾತ್ರ ಹೊರಗಿರುವುದನ್ನು ಕಂಡು ಮೈದುನ ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೇನೋ ಎಂದು ಕಣ್ಣಾಡಿಸಿದ. ಒಳಗಿನಿಂದ ಸುತ್ತಿಗೆಯ ಸದ್ದು. ಟಣ್, ಟಣ್, ಟಣ್. ಆಮೇಲೆ ಒಂದು ಕಡೆ ಮಾತ್ರ ದಪ್. ಮತ್ತೆ ಹೊಡೆದರು. ದಪ್.

ಕ್ಯಾಬಿನ್ನಿನ ಹಿಂದೆ, ಚಾಸಿಯ ಬಲಪಟ್ಟಿಯಲ್ಲಿ ಗೇಣುದ್ದ ತುಕ್ಕು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಮುಖದ ಮೇಲೆ ಉದುರಿತು. ಸೀಟಮ್ಮನ ಉತ್ಸಾಹ ಜರ್ರನೆ ಇಳಿಯಿತು. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಹಾಗೇ ಮಲಗಿದಲ್ಲೇ ತುಕ್ಕಿನ ಎರಡು ಬದಿಯನ್ನೂ ಹೊಡೆದು ನೋಡುತ್ತ ಬಂದರು. ಗೇಣಿನಾಚೆ ಟಣ್. ಈಚೆಯೂ ಟಣ್. ಎಡಪಟ್ಟಿ ಪೂರ್ತಿ ಗಟ್ಟಿ. ಕೊಳೆತದ್ದು ಅಷ್ಟೇ ಜಾಗ. ಕತ್ತರಿಸಿ ಹೊಸ ತುಂಡು ಕೂರಿಸಿ ಬೆಸುಗೆ ಹಾಕಬಹುದು. ಹರಿದ ಸೀಟನ್ನು ಎಲ್ಲಿಂದ ಕತ್ತರಿಸಬೇಕು, ಎಲ್ಲಿಗೆ ಗಟ್ಟಿ ಬಟ್ಟೆ ಸಿಗುತ್ತದೆ ಎಂದು ಲೆಕ್ಕ ಹಾಕುವ ಹಾಗೆಯೇ ಇದೂ ಎಂದುಕೊಂಡಾಗ ಸಮಾಧಾನವಾಯಿತು.

ಹೊರಬಂದು ಕಂಡದ್ದನ್ನು ಕಂಡಹಾಗೆ ಹೇಳಿದರು. ಯಜಮಾನರ ಮುಖ ಸಪ್ಪಗಾಯಿತು. ಮೂವರಿಗೂ ಚಹಾ ತರಿಸಿ, ಮಗುಚಿಟ್ಟ ಕುಂಡಗಳ ಮೇಲೆ ಕೂರಿಸಿದರು.

"ಬಿಸಿ ಮಾಡಿಟ್ಟದ್ದು ನಿಮಗೆ ಮೋಸ ಮಾಡೋಕಲ್ಲಮ್ಮ," ಎಂದರು ಯಜಮಾನರು. "ಹೋದ ವಾರ ಇಬ್ಬರು ಬಂದಿದ್ರು. ಅವರೆದುರು ಬೇಗ ಸ್ಟಾರ್ಟ್ ಆಗ್ಲಿಲ್ಲ. ನಕ್ಕುಬಿಟ್ರು. ಗುಜರಿಗೆ ತೂಕ ಹಾಕಿ ತಗೋತೀವಿ ಅಂದ್ರು. ನಾನೂ ನನ್ನ ಹೆಂಡತೀನೂ ಇದರಲ್ಲಿ ಸಸಿ ತುಂಬ್ಕೊಂಡು ಎಷ್ಟು ಊರು ತಿರುಗಿದ್ದೀವಿ. ಈಗ ಕಣ್ಣು ಕೈಕೊಡ್ತು, ಡಾಕ್ಟರು ಸ್ಟೀರಿಂಗ್ ಮುಟ್ಟಬೇಡ ಅಂದಿದ್ದಾರೆ. ನಿಮ್ಮೆದುರೂ ನಗೆಪಾಟಲಾಗ್ಬಾರ್ದು ಅಂತ..."

 ಮೈದುನ ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

"ನಗೋಕೆ ಬಂದಿಲ್ಲ ನಾವು," ಎಂದರು ಸೀಟಮ್ಮ. "ಏಳೋಕೆ ಎಷ್ಟು ಕಷ್ಟಪಡುತ್ತೆ ಅಂತ ಗೊತ್ತಾದ್ರೆ ತಾನೇ ಏನು ಮಾಡಿಸ್ಬೇಕು ಅಂತ ಗೊತ್ತಾಗೋದು?"

ಎರಡು ಗಂಟೆ ಕಳೆಯಿತು. ಆ ಹೊತ್ತಿನಲ್ಲಿ ಸೀಟಮ್ಮ ಚಾಸಿ ನಂಬರಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಉಜ್ಜಿ, ಮೂಡಿದ ಅಂಕಿಗಳನ್ನು ಕಾಗದಪತ್ರದೊಂದಿಗೆ ಹೋಲಿಸಿ ನೋಡಿದರು. ಆಯಿಲ್ ಕಡ್ಡಿ ಎಳೆದು ಒರೆಸಿದರು. ಕಪ್ಪಗಿತ್ತು, ಆದರೆ ನೀರು ಬೆರೆತು ಬೆಳ್ಳಗಾಗಿರಲಿಲ್ಲ. ಬಾನೆಟ್ಟಿಗೆ ಮತ್ತೆ ಕೈಯಿಟ್ಟರು. ತಣ್ಣಗಿತ್ತು.

ಕೀಲಿ ತಿರುಗಿಸಿದರು. ಎಂಜಿನ್ನು ಗೊರಗೊರ ಎಂದು ಸುಮ್ಮನಾಯಿತು. ಇನ್ನೊಮ್ಮೆ. ಯಜಮಾನರು ನೆಲ ನೋಡುತ್ತ ನಿಂತಿದ್ದರು. ಮೂರನೆಯ ಸಲ ಒಮ್ಮೆ ಕೆಮ್ಮಿ, ಚಪ್ಪರದ ತುಂಬ ಬಿಳಿ ಹೊಗೆ ಉಗುಳಿ, ಗಾಡಿ ಮೈಕೊಡವಿ ಎದ್ದಿತು. ನಿಮಿಷದಲ್ಲಿ ಹೊಗೆ ತೆಳುವಾಯಿತು, ಸದ್ದು ಹದಕ್ಕೆ ಬಂತು.

"ತಣ್ಣಗಿದ್ದಾಗ ಎಂಜಿನ್ನಿಗೆ ಬಿಸಿ ಕೊಡೋ ಹೀಟರ್ ಪ್ಲಗ್ ಹೋಗಿದೆ, ಅಷ್ಟೇ," ಎಂದರು ಸೀಟಮ್ಮ. ಅಷ್ಟರಲ್ಲೇ ಕಿವಿಗೆ ಇನ್ನೊಂದು ಸದ್ದು ಬಿತ್ತು. ಟಕ್ ಟಕ್ ಟಕ್. ಮೈದುನನೂ ಕೇಳಿಸಿಕೊಂಡ. "ಬೇರಿಂಗು ಅತ್ತಿಗೆ. ಎಂಜಿನ್ ಬಿಚ್ಚಬೇಕಾಗುತ್ತೆ. ಬಿಟ್ಟುಬಿಡಿ."

ಸೀಟಮ್ಮನಿಗೂ ಹಾಗೆಯೇ ಅನ್ನಿಸಿತ್ತು. ಎಂಜಿನ್ನು ಆರಿಸಲು ಕೀಲಿಗೆ ಕೈ ಚಾಚಿದರು. ಆಗ ಯಜಮಾನರು ತಡಕಾಡುತ್ತ ಮುಂದೆ ಬಂದು ಬಾನೆಟ್ಟು ಎತ್ತಿ ಒಳಗೆ ಕೈಹಾಕಿ, ಬ್ಯಾಟರಿಯ ತಟ್ಟೆಯನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ಕೈ ಬಿಟ್ಟರು. ಟಕ್ ಟಕ್.

"ಬೋಲ್ಟು ಬಿದ್ದುಹೋಗಿದೆ. ನಾಲ್ಕು ವರ್ಷದಿಂದ ಹಾಗೇ. ಇದೊಂದು ನೀವು ತಪ್ಪಿದ್ರಿ," ಎಂದು ಮೊದಲ ಬಾರಿಗೆ ನಕ್ಕರು.

ಸೀಟಮ್ಮನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ತಪ್ಪಿದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ ಬಿಡಿ."

ಆಮೇಲೆ ನರ್ಸರಿಯ ಮಣ್ಣು ದಾರಿಯಲ್ಲಿ ಎರಡು ಸುತ್ತು ಓಡಿಸಿದರು. ಸ್ಟೀರಿಂಗ್ ಸ್ವಲ್ಪ ಸಡಿಲ, ಬ್ರೇಕು ಎಡಕ್ಕೆ ಎಳೆಯುತ್ತದೆ, ಮೂರನೇ ಗೇರು ಮುನಿಸಿಕೊಂಡಿದೆ. ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತ ಹೋದರು, ಪಕ್ಕದಲ್ಲಿ ಕೂತ ಮೈದುನ ಬರೆದುಕೊಳ್ಳುತ್ತ ಹೋದ. ಎರಡನೇ ಸುತ್ತಿನ ಕೊನೆಗೆ ಅವನು ಪೆನ್ನು ತಡೆದು, "ಅತ್ತಿಗೆ, ಇದನ್ನ ತಗೋಬಹುದು ಅಂತ ನಿಮಗನ್ನಿಸುತ್ತಾ?" ಎಂದು ಕೇಳಿದ. ತಮಾಷೆಗಲ್ಲ, ಗೊತ್ತಿಲ್ಲದವನು ಗೊತ್ತಿದ್ದವರನ್ನು ಕೇಳುವ ಹಾಗೆ.

ಸೀಟಮ್ಮ ಗಾಡಿಯನ್ನು ಚಪ್ಪರದಡಿ ತಂದು ನಿಲ್ಲಿಸಿದರು. "ತಗೋಬಹುದು."

ಬೆಲೆಯ ಮಾತು ಹೆಚ್ಚು ಎಳೆದಾಡದೆ ಮುಗಿಯಿತು. ಸರಿಮಾಡುವುದಕ್ಕೇ ಏಳು ತಿಂಗಳು ಹಿಡಿಯಿತು. ಚಾಸಿಯ ಬೆಸುಗೆಗೆ ಡಿಪೊದ ಹಳೆಯ ವೆಲ್ಡರನ್ನು ಹಿಡಿದು ತಂದರು. ಬೆಸುಗೆ ಮುಗಿದ ಮೇಲೆ ತಾವೇ ಅಡಿಗೆ ನುಸುಳಿ ಸುತ್ತಿಗೆಯಿಂದ ಹೊಡೆದು ನೋಡಿ, ಒಂದು ಕಡೆ ಮತ್ತೆ ಹಾಕಿಸಿದರು. "ಡಿಪೊದಲ್ಲಿ ನೀವು ಬಾಯೇ ಬಿಡ್ತಿರಲಿಲ್ವಲ್ಲಮ್ಮ," ಎಂದು ವೆಲ್ಡರು ಗೊಣಗಿದರೂ ಕೆಲಸ ಚೊಕ್ಕಟವಾಗಿಯೇ ಮಾಡಿಕೊಟ್ಟರು. ಪುಟ್ಟಿ ಕೆತ್ತಿ ಹೊಸ ತಗಡು ಹಾಕಿಸಿದ್ದಾಯಿತು. ಹೆಡ್‌ಲೈಟಿನ ಗಾಜನ್ನು ಗಂಡನೇ ಮೂರು ಗುಜರಿ ಅಂಗಡಿ ಸುತ್ತಿ ಹುಡುಕಿ ತಂದರು. ಯಾರೂ ಹೇಳದೆಯೇ ಹೋಗಿದ್ದರೆಂಬುದು ಮನೆಯಲ್ಲಿ ಎರಡು ದಿನದ ಸುದ್ದಿಯಾಯಿತು. ಸೀಟುಗಳನ್ನು ಮಾತ್ರ ಸೀಟಮ್ಮ ಕೊನೆಗೆ ಉಳಿಸಿಕೊಂಡು, ಕಂದು ರೆಕ್ಸಿನ್ನಿನಲ್ಲಿ ಜೋಡಿ ಹೊಲಿಗೆ ಹಾಕಿ ಮುಗಿಸಿದರು.

ಮೊದಲ ದಿನ ಲಾರಿಗಳು ಸಾಲಾಗಿ ನಿಂತಿದ್ದ ಬಯಲಿಗೆ ಹೋಗಿ, ಹಿಂದಿನ ಬಾಗಿಲು ಇಳಿಸಿ, ಯಂತ್ರಕ್ಕೆ ದಾರ ಪೋಣಿಸಿ ಕೂತರು. ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಚಾಲಕ ಹೆಗಲ ಮೇಲೆ ಟಾರ್ಪಾಲು ಹೊತ್ತುಕೊಂಡು ಬಂದ. ನಡುವೆ ಒಂದಾಳುದ್ದ ಹರಿದಿತ್ತು.

"ಇದು ಆಗುತ್ತಾ ಅಮ್ಮ? ಎಲ್ರೂ ಎಸೀ ಅಂತಾರೆ."

"ಇಲ್ಲಿ ಹಾಕಿ, ನೋಡೋಣ," ಎಂದು ಸೀಟಮ್ಮ ಕನ್ನಡಕ ಏರಿಸಿಕೊಂಡರು.