ಚುಟುಕಣ್ಣನ ಖಾಲಿ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರಿಗೆ ಎಲ್ಲರೂ ಚುಟುಕಣ್ಣ ಎಂದೇ ಹೆಸರಿಟ್ಟಿದ್ದೇವೆ. ಒಂದು ಪದದಲ್ಲಿ ಮುಗಿಯುವುದಕ್ಕೆ ಎರಡನೆಯದನ್ನು ಬಳಸಿದವರಲ್ಲ. "ಮದ್ವೆಗೆ ಒಪ್ಪಿಗೆನಾ ಅಂದಾಗ ‘ಹೂಂ’ ಅಂದ್ರು. ಮುಂದಿನ ಮಾತಿಗೆ ಇನ್ನೂ ಕಾಯ್ತಿದೀನಿ" ಎಂದು ಅವರ ಹೆಂಡತಿ ನಗುತ್ತಾರೆ. ಮೊದಲು ಟೆಲಿಫೋನ್ ಕಂಬ ಹತ್ತುತ್ತಿದ್ದರಂತೆ. ಬಿದ್ದು ಕಾಲು ಮುರಿದ ಮೇಲೆ ಈ ತಣ್ಣನೆಯ ಕೋಣೆಗೆ ಬಂದು, ಕಿವಿಗೆ ಮಫ್ಲರ್ ಸುತ್ತಿ ಕೂತರು. ಮಗು ಹುಟ್ಟಿದಂದಿನಿಂದ ನಾನು ಮನೆಯಲ್ಲೇ ಕೂತು ಅವರ ಜೊತೆ ಕೆಲಸ ಮಾಡುತ್ತೇನೆ.

ನಿನ್ನೆ ಬೆಳಿಗ್ಗೆ ಸ್ಕ್ಯಾನ್ ಚಿತ್ರಗಳು ತೆರೆಯುವುದು ನಿಂತುಹೋಯಿತು. ಆ ಚಿತ್ರಗಳನ್ನು ಹಲವು ಸರ್ವರ್‌ಗಳು ಹಂಚಿಕೊಂಡು ಇಟ್ಟುಕೊಂಡಿವೆ. ಪರದೆಯ ಮೇಲೆ ‘ಕೇಳಿದಷ್ಟು ಮೆಮೊರಿ ಸಿಗಲಿಲ್ಲ’ ಎಂಬ ಒಂದೇ ರಾಗ. ಅತ್ತ ಆಪರೇಷನ್‌ಗೆಂದು ಹೊಟ್ಟೆಗೇನೂ ಇಲ್ಲದೆ ಅಜ್ಜಿಯೊಬ್ಬರು ಮಲಗಿದ್ದರು. ಹಳೆಯ ಸ್ಕ್ಯಾನ್ ನೋಡದೆ ಚಾಕು ಮುಟ್ಟುವುದಿಲ್ಲ ಎಂದು ಡಾಕ್ಟರು. ಮಧ್ಯಾಹ್ನದೊಳಗೆ ಸಿಗದಿದ್ದರೆ ಆಪರೇಷನ್ ಮುಂದಕ್ಕೆ.

ನನಗೆ ಕಾಣುವ ಸರ್ವರ್‌ಗಳಲ್ಲೆಲ್ಲ ಅರ್ಧಕ್ಕರ್ಧ ಮೆಮೊರಿ ಬಿಡುವಾಗಿತ್ತು. ಹಿಂದಿನ ಸಾಲಿನದೊಂದನ್ನು ಮಾತ್ರ ಚುಟುಕಣ್ಣನೇ ಎದುರು ನಿಂತು ನೋಡಬೇಕು. ಫೋನ್ ಮಾಡಿದೆ.

"ಅಣ್ಣಾ, ಅದರಲ್ಲಿ ಮೆಮೊರಿ ಹೇಗಿದೆ?"

"ಖಾಲಿ."

"ಇವೂ ಖಾಲಿನೇ. ಹಾಗಾದ್ರೆ ತೊಂದ್ರೆ ಬೇರೆ ಕಡೆ ಇದೆ, ಅಲ್ವಾ?"

"ಹೂಂ...?"

ಆ ಎಳೆದ ಹೂಂಕಾರವನ್ನು ನಾನು ಒಪ್ಪಿಗೆ ಎಂದುಕೊಂಡೆ. ಡಿಸ್ಕ್ ನೋಡಿದೆ, ಅವರ ಕೈಲಿ ಕೇಬಲ್ ಕೀಳಿಸಿ ಹಾಕಿಸಿದೆ. ಎಲ್ಲವೂ ನೆಟ್ಟಗಿದ್ದವು. ತಲೆ ಗೊಜಲಾಯಿತು. ಜಾಗ ಇದೆ, ಆದರೂ ಜಾಗ ಇಲ್ಲ ಅಂದರೆ ಏನರ್ಥ?

ಆಗ ಅತ್ತೆ ಒಳಗಿನಿಂದ ಕೂಗಿದರು: "ಹಾಲು ಖಾಲಿ ಕಣೇ! ನಿನ್ ಮಗ ಬಾಟ್ಲಿನೇ ತಿಂತಾನೆ ಈಗ!"

ನಾನು ಎದ್ದವಳು ಹಾಗೇ ನಿಂತೆ. ಫೋನನ್ನು ಮತ್ತೆ ಬಾಯಿಗೆ ಹಿಡಿದೆ. "ಅಣ್ಣಾ, ಖಾಲಿ ಅಂದ್ರೆ ಬಿಡುವಿದೆ ಅಂತಾನಾ, ಮುಗಿದುಹೋಗಿದೆ ಅಂತಾನಾ?"

"ಮುಗಿದಿದೆ."

"ಅಯ್ಯೋ, ಬೆಳಿಗ್ಗೆನೇ ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲ."

ಆ ಸರ್ವರ್ ಎಂದೋ ತೆರೆದ ಫೈಲುಗಳ ನೆನಪನ್ನೆಲ್ಲ ಬಿಡದೆ ಉಡದ ಪಟ್ಟು ಹಿಡಿದು ಕೂತಿತ್ತು. ಅದರ ಹೊರೆಯನ್ನು ಉಳಿದವುಗಳಿಗೆ ದಾಟಿಸಿದೆ. ಚುಟುಕಣ್ಣ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು.

"ಖಾಲಿ."

"ಯಾವ ಖಾಲಿ ಅಣ್ಣಾ?"

ಸ್ವಲ್ಪ ಯೋಚಿಸಿದರು. "ಒಳ್ಳೇ ಖಾಲಿ."

ಸ್ಕ್ಯಾನ್ ತೆರೆಯಿತು, ಅಜ್ಜಿಯನ್ನು ಒಳಗೆ ಕರೆದೊಯ್ದರು. ಆ ಸರ್ವರ್ ಹಾಗೇಕೆ ಹಿಡಿದುಕೊಂಡಿತ್ತೋ ನನಗಿನ್ನೂ ತಿಳಿದಿಲ್ಲ. ನಾಳೆ ಮತ್ತೆ ಹಿಡಿದುಕೊಂಡರೆ? ಗೊತ್ತಿಲ್ಲ.

ಇವತ್ತು ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಚುಟುಕಣ್ಣನ ಮೆಸೇಜು ಬಂತು: ‘ಅಜ್ಜಿ ಹಾಸಿಗೆ ಖಾಲಿ.’

ಸೋಪಿನ ಕೈಯಲ್ಲೇ ಫೋನ್ ಮಾಡಿದೆ. "ಅಣ್ಣಾ! ಯಾವ ಖಾಲಿ?"

"ಅಯ್ಯೋ, ಹಾಗಲ್ಲಮ್ಮಾ! ಅಜ್ಜಿ ಎದ್ದು ನರ್ಸ್ ಕೈ ಹಿಡ್ಕೊಂಡು ವರಾಂಡದಲ್ಲಿ ಓಡಾಡ್ತಿದಾರೆ. ನಾನೇ ಹೋಗಿ ನೋಡ್ದೆ, ನಕ್ಕರು."

ಇಷ್ಟುದ್ದದ ಮಾತು! ಮಗುವನ್ನು ಒರೆಸಿ ಮಲಗಿಸಿ, ಮೊದಲು ಅವರ ಹೆಂಡತಿಗೆ ಫೋನ್ ಮಾಡಿದೆ.