ಟ್ಯಾನರ್ ಸಾಹೇಬರಿಗೆ ಸಿಕ್ಕಿದ ಸಿಂಹ

ಕೋವಿಡ್ ಗದ್ದಲ ಅಡಗಿದ ಮರುವರ್ಷ ನಾನು ಕುವೈತ್‌ನ ಸಬ್ಹಾನ್ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಎಚ್‌ಆರ್ ಅಧಿಕಾರಿಯಾಗಿದ್ದೆ. ಜನರೇಟರ್, ಕಂಪ್ರೆಸರ್‌ಗಳನ್ನು ಬಾಡಿಗೆಗೆ ಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ಕಂಪನಿಯ ವ್ಯವಹಾರ. ನೇಮಕ, ಬಡ್ತಿ, ವಾಸದ ಪರವಾನಗಿಯಾದ ಇಕಾಮಾದ ನವೀಕರಣ ನನ್ನ ಕೆಲಸ. ಈಗ ಬೇರೆ ಕಡೆ ದುಡಿಯುತ್ತಿದ್ದರೂ ವಾಸ ಅಂದಿನಂತೆಯೇ ಫಿಂಟಾಸ್‌ನಲ್ಲಿ. ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಈಗ ಹೇಳಹೊರಟ ಬೀಳ್ಕೊಡುಗೆಯ ಸಂಜೆಯ ಬಗ್ಗೆ ಬರೆದದ್ದು ನಾಲ್ಕೇ ಸಾಲು; ಇಂದು ನೆನಪಾಗುವುದು ಅದಕ್ಕಿಂತ ಬಹಳ ಹೆಚ್ಚು. ಹೆಚ್ಚಾದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನನ್ನ ಸಿಟ್ಟು ಸೇರಿಸಿದ್ದು ಎಂಬ ಅನುಮಾನ ನನಗಿದೆ.

ಆಗ ನಮ್ಮ ಜನರಲ್ ಮ್ಯಾನೇಜರ್ ಇಂಗ್ಲೆಂಡಿನ ಟ್ಯಾನರ್. ಸ್ವದೇಶಕ್ಕೆ ಮರಳುವ ಮೊದಲು ಅವರು ಖಾಲಿಯಿದ್ದ ವರ್ಕ್‌ಶಾಪ್ ಸೂಪರ್‌ವೈಸರ್ ಹುದ್ದೆಗೆ ಚಂದ್ರಹಾಸನ ಹೆಸರು ಸೂಚಿಸಿದರು. ಚಂದ್ರಹಾಸ ಕಾರ್ಕಳದ ಕಡೆಯ ಡಿಪ್ಲೊಮಾ ಹುಡುಗ. ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಅವನಷ್ಟು ನಂಬಿಕಸ್ಥ ಕೈ ಇನ್ನೊಂದಿರಲಿಲ್ಲ. ಈ ಬಡ್ತಿ ಅವನಿಗೆ ಬರೀ ಹುದ್ದೆಯಲ್ಲ. ಕುವೈತ್‌ನಲ್ಲಿ ಕುಟುಂಬ ವೀಸಾ ಸಿಗಬೇಕಾದರೆ ಸಂಬಳ ಒಂದು ಮಟ್ಟ ದಾಟಬೇಕು. ಹೆಂಡತಿಯನ್ನೂ, ಫೋನಿನ ಪರದೆಯಲ್ಲೇ ಮಾತು ಕಲಿತ ಮಗಳನ್ನೂ ಕರೆಸಿಕೊಳ್ಳಲು ಅವನಿಗಿದ್ದ ದಾರಿ ಇದೊಂದೇ.

ಕಡತಕ್ಕೆ ಫೈನಾನ್ಸ್ ಮ್ಯಾನೇಜರ್ ಸಹಿ ಬೇಕಿತ್ತು. ಆ ಕುರ್ಚಿಯಲ್ಲಿದ್ದವರು ಸದಾನಂದಣ್ಣ. ಉಡುಪಿ ಕಡೆಯವರು, ಇಲ್ಲಿನ ನಮ್ಮವರ ಸಮಾರಂಭಗಳಲ್ಲಿ ಮೊದಲ ಸಾಲಿನವರು. ಊರಿನಿಂದ ಯಾರೇ ಹೊಸಬರು ಬಂದರೂ ಅವರ ಮೊದಲ ಪ್ರಶ್ನೆ, "ಸರ್‌ನೇಮ್ ಎಂತ?" ನಮ್ಮ ಕಡೆ ಸರ್‌ನೇಮ್ ಎಂದರೆ ಜಾತಿ ಎಂದು ಬಿಡಿಸಿ ಹೇಳಬೇಕಿಲ್ಲ. ನನ್ನದನ್ನು ಕೇಳಿದೊಡನೆ ಅವರು ಕುರ್ಚಿ ಎಳೆದು ಕೊಟ್ಟಿದ್ದರು. ಚಂದ್ರಹಾಸನ ಹೆಸರಿನ ಹಿಂದೆ ಇದ್ದದ್ದು 'ಕೆ' ಎಂಬ ಒಂದಕ್ಷರ.

"ಕೆ ಅಂದ್ರೆ ಎಂತ ಮಾರಾಯ?"

"ಕುವೈತ್, ಸದಾನಂದಣ್ಣ" ಎಂದಿದ್ದ ಅವನು. ಟೀ ರೂಮಿನಲ್ಲಿ ಎಲ್ಲರೂ ನಕ್ಕರು. ಸದಾನಂದಣ್ಣ ನಗಲಿಲ್ಲ. ಊರಿಗೆ ಫೋನು ಮಾಡಿ ತಿಳಿದುಕೊಂಡರು. ಇಂಥದ್ದಕ್ಕೆ ಅವರಲ್ಲಿ ಸಮಯಕ್ಕೆ ಬರವಿರಲಿಲ್ಲ.

ಕಡತ ಅವರ ಮೇಜಿನ ಮೇಲೆ ವಾರಗಟ್ಟಲೆ ಮಲಗಿತು. ಕೇಳಲು ಹೋದಾಗ ಬಾಗಿಲು ಹಾಕಿ, ದನಿ ತಗ್ಗಿಸಿ ತುಳುವಿನಲ್ಲಿ ಹೇಳಿದರು: "ಅವನ ಅಜ್ಜ ಚರ್ಮ ಹದ ಮಾಡುವವ. ಚೆಂಡೆಗೆ ಚರ್ಮ ಕೊಡುತ್ತಿದ್ದದ್ದು ಅವರೇ. ನಮ್ಮ ಹುಡುಗರು ಅವನ ಕೈಕೆಳಗೆ ನಿಲ್ಲುತ್ತಾರಾ? ನಿಮಗೂ ಗೊತ್ತುಂಟಲ್ಲ."

ಕಡತದಲ್ಲಿ ಬರೆಯಿರಿ ಎಂದೆ. "ಅದೆಲ್ಲ ಬರೆಯುವ ವಿಷಯವಾ?" ಎಂದು ನನ್ನನ್ನೇ ಮೂರ್ಖನಂತೆ ನೋಡಿದರು. ಕಡೆಗೆ 'ಸಿಬ್ಬಂದಿ ಒಪ್ಪುವುದಿಲ್ಲ' ಎಂದು ಷರಾ ಬರೆದು, ಸಹಿ ಹಾಕದೆ ಇಟ್ಟುಕೊಂಡರು.

ಅದೇ ಹೊತ್ತಿಗೆ ಟ್ಯಾನರ್ ಅವರ ಬೀಳ್ಕೊಡುಗೆಯ ಉಡುಗೊರೆ ಸಮಿತಿಗೂ ಇವರೇ ಅಧ್ಯಕ್ಷರು. ಫಹಾಹೀಲ್‌ನ ಒಂದು ಮಾಲ್‌ನಲ್ಲಿ ಪುತ್ತೂರಿನ ಹಮೀದ್ ಕಾಕನ ಗಿಫ್ಟ್ ಅಂಗಡಿಯಿತ್ತು. ಸಮಿತಿಯಲ್ಲಿದ್ದ ನಾನೂ ಸದಾನಂದಣ್ಣನ ಜೊತೆ ಅಲ್ಲಿಗೆ ಹೋಗಿದ್ದೆ. ಇಂಗ್ಲಿಷ್ ಸರ್‌ನೇಮ್ ಹೇಳಿದರೆ ಅದರ ಮೂಲ, ಅರ್ಥ, ಎಷ್ಟು ಜನಪ್ರಿಯ ಎಂಬುದನ್ನು ಹಳೆಯ ಕಾಗದದಂತೆ ಕಾಣುವ ಹಾಳೆಯಲ್ಲಿ ಅಚ್ಚು ಹಾಕಿ, ಮೇಲೆ ವಂಶಲಾಂಛನವೆಂದು ಒಂದು ಸಿಂಹ ಕೂರಿಸಿ, ಫ್ರೇಮ್ ಕಟ್ಟಿ ಕೊಡುತ್ತಿದ್ದರು. ವಂಶಲಾಂಛನ ಎಂಬುದು ಇಂಗ್ಲೆಂಡಿನಲ್ಲಿ ಒಬ್ಬ ವ್ಯಕ್ತಿಗೆ, ಅವನ ನೇರ ವಂಶಸ್ಥರಿಗೆ ಸಿಗುವುದು; ಒಂದೇ ಸರ್‌ನೇಮ್ ಇರುವವರಿಗೆಲ್ಲ ಒಂದೇ ಲಾಂಛನ ಎಂಬುದು ಶುದ್ಧ ಸುಳ್ಳು. ಹಾಗೆಂದೆ. ಹಮೀದ್ ಕಾಕನಿಗೆ ಸಂಕೋಚವೇನೂ ಆಗಲಿಲ್ಲ. "ಸಿಂಹ ಎಲ್ಲರಿಗೂ ಅದೇ ಸಾರ್. ಬಣ್ಣ ಮಾತ್ರ ಚೇಂಜ್."

ಆದರೆ ಸಿಂಹದ ಕೆಳಗಿನ ಬರಹ ಸರಿಯಾಗಿತ್ತು. ಒಂದು ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯರಿಗೆ ಇದ್ದದ್ದು ಒಂದೇ ಹೆಸರು. ಊರಿನಲ್ಲಿ ಜಾನ್‌ಗಳು ಹೆಚ್ಚಾದಾಗ ಕಸುಬು ಸೇರಿಸಿ ಗುರುತಿಸಿದರು. ಕಮ್ಮಾರ ಸ್ಮಿತ್ ಆದ, ಹಿಟ್ಟು ಬೀಸುವವನು ಮಿಲ್ಲರ್ ಆದ. ಓಕ್ ಮರದ ತೊಗಟೆ ಜಜ್ಜಿ ನೀರಿಗೆ ಹಾಕಿ, ಹೊಂಡದಲ್ಲಿ ತೊಗಲು ನೆನೆಸಿ ಹದ ಮಾಡುವವನು ಟ್ಯಾನರ್. ಕಸುಬು ಬಿಟ್ಟುಹೋದರೂ ಹೆಸರು ಮಕ್ಕಳಿಗೆ ಉಳಿಯಿತು. ಸ್ಮಿತ್‌ನಷ್ಟು ಬಳಕೆಯದಲ್ಲ, ಅಪರೂಪದ್ದೂ ಅಲ್ಲ.

ಸದಾನಂದಣ್ಣ ಅದನ್ನು ಓದಿ ಮುಗಿಸಿದಾಗಿನ ಮುಖ ನನಗೆ ಖಚಿತವಾಗಿ ನೆನಪಿದೆ. ಇಷ್ಟು ವರ್ಷ ಯಾರ ಕೈಕುಲುಕಿ, ಯಾರ ಪಕ್ಕ ಫೋಟೋಕ್ಕೆ ನಿಂತರೋ ಆ ಮನುಷ್ಯ ಚರ್ಮದವರ ಪೈಕಿ! ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು ಎಂದೂ ನೆನಪು. ಅದನ್ನು ಮಾತ್ರ ನಾನು ಆಮೇಲೆ ಸೇರಿಸಿಕೊಂಡಿರಬಹುದು.

"ಇದನ್ನು ಕೊಟ್ಟರೆ ಅವರ ಮರ್ಯಾದೆ ಹೋಗುವುದಿಲ್ಲವಾ? ಬದಲಿಸು ಕಾಕ."

"ನೈಟ್ ಮಾಡ್ಬೇಕಾ, ಬ್ಯಾರನ್ ಮಾಡ್ಬೇಕಾ? ರೇಟ್ ಒಂದೇ."

"ನೈಟ್ ಮಾಡು. ರಾಜನ ಹತ್ತಿರದ ನೈಟ್, ಕುದುರೆ ಮೇಲಿನ ವೀರ."

ಹೀಗೆ ಗಿಫ್ಟ್ ಅಂಗಡಿಯ ಕಂಪ್ಯೂಟರಿನ ಮುಂದೆ ಒಂದು ಕುಲದ ಉದ್ಧಾರವಾಯಿತು. ಒಬ್ಬನ ಅಜ್ಜ ಮುಟ್ಟಿದ ತೊಗಲನ್ನು ಸಮುದ್ರದಾಚೆಯವರೆಗೆ ಹಿಡಿದು ತಂದ ಮನುಷ್ಯ, ಇನ್ನೊಬ್ಬನ ಪೂರ್ವಜರನ್ನು ಅದೇ ತೊಗಲಿನ ಹೊಂಡದಿಂದ ಎತ್ತಿ ಕುದುರೆಯ ಮೇಲೆ ಕೂರಿಸಿದ. ಬಿಳಿಯ ಚರ್ಮಕ್ಕೆ ಮಾತ್ರ ಸಿಗುವ ರಿಯಾಯಿತಿ ಇದು.

ಗುರುವಾರ ಸಂಜೆ ಫಹಾಹೀಲ್‌ನ ಹೋಟೆಲಿನಲ್ಲಿ ಬೀಳ್ಕೊಡುಗೆ. ಟ್ಯಾನರ್ ಜಾಗಕ್ಕೆ ಬಂದಿದ್ದ ಲೆಬನಾನಿನ ರೀಮ್ ಮೇಡಂ ಕೂಡ ಇದ್ದರು. ಫ್ರೇಮ್ ಬಿಚ್ಚಿ ಓದಿದ ಟ್ಯಾನರ್ ಗಹಗಹಿಸಿ ನಕ್ಕರು. "ನೈಟ್? ಯಾರಪ್ಪಾ ಇದು! ನಾವು ತೊಗಲು ಹದ ಮಾಡುತ್ತಿದ್ದವರು. ಹೆಸರಿನಲ್ಲೇ ಇದೆಯಲ್ಲ, ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಊರಿನವರು ಮೂಗು ಮುಚ್ಚಿಕೊಂಡು ನಮ್ಮನ್ನು ಊರಾಚೆ, ಹೊಳೆ ಹರಿದುಹೋಗುವ ಕಡೆ ಇಟ್ಟಿದ್ದರಂತೆ." ಸದಾನಂದಣ್ಣ ಅಂಗಡಿಯವನ ತಪ್ಪು ಎಂದರು. ಬಾಯಿ ತೆರೆದರೆ ಸಂಸ್ಕಾರದ ಮಾತಾಡುವವರಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ.

ಟ್ಯಾನರ್ ಅವರನ್ನು ನಾನು ಮಹಾತ್ಮ ಮಾಡಲು ಹೊರಟಿಲ್ಲ. ಇಷ್ಟು ವರ್ಷವಾದರೂ ನಮ್ಮವರ ಒಂದು ಹೆಸರನ್ನೂ ಪೂರ್ತಿ ಕಲಿಯದ ಮನುಷ್ಯ. ಚಂದ್ರಹಾಸ ಅವರಿಗೆ ಬರೀ 'ಚಾಂಡ್ರ'. ಆದರೆ ಕೊಟ್ಟ ಮಾತು ಮರೆಯುವವರಲ್ಲ. ಊಟದ ಮೇಜಿನಲ್ಲಿ ಕೇಳಿದರು: "ಚಾಂಡ್ರನ ಕಡತ ಏನಾಯಿತು?"

"ಸಿಬ್ಬಂದಿ ಒಪ್ಪುವುದಿಲ್ಲ ಸರ್" ಎಂದರು ಸದಾನಂದಣ್ಣ.

"ಯಾಕೆ?"

"ಕೆಲವು ವಿಷಯಗಳುಂಟು."

"ಯಾವ ವಿಷಯ?" ಎಂದು ಈಗ ರೀಮ್ ಮೇಡಂ ಕೇಳಿದರು. ಕಡತಕ್ಕೆ ಇನ್ನು ಅಂತಿಮ ಸಹಿ ಅವರದು.

ಸದಾನಂದಣ್ಣ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಬೇಕೆಂದು ಉಸಿರು ತೆಗೆದುಕೊಂಡಿದ್ದೆ ಎಂದು ನೆನಪು ಹೇಳುತ್ತದೆ. ನೆನಪು ನನ್ನ ಪರವಾಗಿ ಏನನ್ನಾದರೂ ಹೇಳಿದಾಗಲೇ ನನಗೆ ಹೆಚ್ಚು ಸಂಶಯ. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಚಂದ್ರಹಾಸ ಎದ್ದು ಬಂದ. ಕೈಯಲ್ಲಿ ಬಿರಿಯಾನಿಯ ತಟ್ಟೆ ಹಾಗೆಯೇ ಇತ್ತು.

"ಎಂತ ಸದಾನಂದಣ್ಣ, ಇಂಗ್ಲಿಷ್‌ನಲ್ಲಿ ಹೇಳ್ಲಿಕ್ಕೆ ಆಗುದಿಲ್ವಾ? ನಾನು ಹೇಳ್ಬೇಕಾ?"

"ನೀನು ಸುಮ್ಮನೆ ಕೂತ್ಕೋ ಮಾರಾಯ."

ಅವನು ಕೂರಲಿಲ್ಲ. ಟ್ಯಾನರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಸರ್, ನನ್ನ ಅಜ್ಜ ಕೂಡ ತೊಗಲು ಹದ ಮಾಡುವವರು. ಅದಕ್ಕೆ."

ಟ್ಯಾನರ್ ತಲೆಯಾಡಿಸಿದರು. ರೀಮ್ ಮೇಡಂ ಕೂಡ. ಇಬ್ಬರೂ ಕಾದರು. ಮಾತು ಇನ್ನೂ ಮುಂದಿದೆ ಎಂದೇ ಅವರು ಭಾವಿಸಿದ್ದರು.

"ಸರಿ, ಆಮೇಲೆ?" ಎಂದರು ಟ್ಯಾನರ್.

ಆಮೇಲೆ ಏನೂ ಇರಲಿಲ್ಲ. ಸಾವಿರಾರು ವರ್ಷ ಸಾಕಿಕೊಂಡು ಬಂದ ಕಾರಣ ಅಷ್ಟೇ ಆಗಿತ್ತು. ಆ ಮೇಜಿನ ಮೇಲೆ ಅದು ಅರ್ಧ ವಾಕ್ಯವಾಗಿ ಬಿದ್ದಿತ್ತು. ಸದಾನಂದಣ್ಣ ರಾಯಿತದ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬೇರೆ ಕಾರಣ ಇದ್ದರೆ ಭಾನುವಾರದೊಳಗೆ ಬರೆದು ಕೊಡಿ" ಎಂದರು ರೀಮ್ ಮೇಡಂ. ಭಾನುವಾರ ಕಡತ ಬಂತು. ಅದರಲ್ಲಿದ್ದದ್ದು ಸಹಿ ಮಾತ್ರ. ವರ್ಕ್‌ಶಾಪ್‌ನ 'ನಮ್ಮ ಹುಡುಗರು' ಒಬ್ಬರೂ ಕೆಲಸ ಬಿಡಲಿಲ್ಲ. ಒಪ್ಪುತ್ತೀರಾ ಎಂದು ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಸದಾನಂದಣ್ಣ ಬದಲಾದರು ಎಂದು ಬರೆದರೆ ಓದಲು ಹಿತವಾಗಿರುತ್ತಿತ್ತು. ಮರುವಾರವೇ ಹೊಸದಾಗಿ ಬಂದ ಒಬ್ಬನನ್ನು ಟೀ ರೂಮಿನಲ್ಲಿ ನಿಲ್ಲಿಸಿ, "ಸರ್‌ನೇಮ್ ಎಂತ?" ಎಂದರು.

ಟ್ಯಾನರ್ ನಿಜವಾದ ಅರ್ಥವಿರುವ ಹಾಳೆಯನ್ನೇ ಅಚ್ಚು ಹಾಕಿಸಿಕೊಂಡು ಒಯ್ದರು. ನೈಟ್‌ನ ಫ್ರೇಮ್ ಯಾರಿಗೂ ಬೇಡವಾಯಿತು. ಚಂದ್ರಹಾಸ ಅದನ್ನು ವರ್ಕ್‌ಶಾಪ್‌ನಲ್ಲಿ, ಹಳೆಯ ಫ್ಯಾನ್‌ಬೆಲ್ಟ್‌ಗಳನ್ನು ತೂಗುಹಾಕುವ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಕುಟುಂಬ ವೀಸಾದಲ್ಲಿ ಬಂದ ಮಗಳಿಗೆ ಆ ಸಿಂಹ ಬಹಳ ಇಷ್ಟವಂತೆ.

ಜನರನ್ನು ಆರಿಸುವ ಕೆಲಸ ನನಗೆ ಕಲಿಸಿದ್ದು ಹೆಚ್ಚೇನಲ್ಲ. ಯಾರನ್ನಾದರೂ ಬೇಡ ಎನ್ನುವವರ ಕಾರಣವನ್ನು ಈಗ ನಾನು ಬಾಗಿಲು ತೆರೆದಿಟ್ಟು, ನಮ್ಮ ದೇಶದವರಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳುತ್ತೇನೆ. ಕೇಳಿ ಮುಗಿದ ಮೇಲೆ, "ಸರಿ, ಆಮೇಲೆ?" ಎನ್ನುತ್ತೇನೆ.