ಹೂಲಿ, ಶೈಲಜಾ

ನಳ ಬರುವುದು ಎಂಟು ದಿನಕ್ಕೊಮ್ಮೆ, ಅದೂ ನಸುಕಿನ ನಾಲ್ಕಕ್ಕೆ. ಎರಡು ಬ್ಯಾರಲ್ಲು, ಒಂದು ಹಂಡೆ, ಆರು ಕೊಡ ತುಂಬಿಸುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯುವುದು. ಅತ್ತೆ ತಂಗೆವ್ವಳ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಡುವುದು. ಗ್ಯಾಸಿನ ಒಂದು ಉರಿಯ ಮೇಲೆ ಮಡಕಿಕಾಳಿನ ಪಲ್ಯ ಇಟ್ಟು, ಇನ್ನೊಂದರ ಮೇಲೆ ಹಂಚಿಟ್ಟು ಹದಿನಾಲ್ಕು ರೊಟ್ಟಿ ಬಡಿಯುವುದು. ಮಗಳು ಶಿವಾನಿಯ ಡಬ್ಬಿ ಕಟ್ಟುವುದು, ಗಂಡನ ಅಂಗಿಗೆ ಇಸ್ತ್ರಿ ಮಾಡುವುದು. ಇದರ ನಡುವೆ ಹಂಚು ಕಾಯುವಷ್ಟರಲ್ಲಿ ಮೂರು, ಕಾಳು ಬೇಯುವಷ್ಟರಲ್ಲಿ ಎಂಟು ಎನ್ನುತ್ತ, ಗಂಡನ ಸಂಶೋಧನ ಲೇಖನದ ಗ್ರಂಥಸೂಚಿಯಲ್ಲಿರುವ ಮೂವತ್ತೊಂದು ಪುಸ್ತಕಗಳನ್ನು ಸಾಲಿಗೆ ಹಚ್ಚುವುದು.

ಬೈಲಹೊಂಗಲದ ಆ ಮನೆಯಲ್ಲಿ ಬೆಳಕು ಹರಿಯುವ ಮೊದಲು ಶೈಲಜಾ ಮಾಡುತ್ತಿದ್ದ ಕೆಲಸಗಳಲ್ಲಿ ಈ ಕೊನೆಯದಕ್ಕೆ ಮಾತ್ರ ಹೆಸರಿರಲಿಲ್ಲ. ವಿರೂಪಾಕ್ಷ ಕಡಬಿ ಅದನ್ನು 'ಸ್ವಲ್ಪ ನೋಡಿಬಿಡು' ಎನ್ನುತ್ತಿದ್ದ. ಅವನು ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕ. ಮದುವೆಯಾದಾಗಿನಿಂದ ಅವನು ಬರೆದ ಒಂಬತ್ತು ಲೇಖನಗಳನ್ನೂ ಅವಳು ಸ್ವಲ್ಪ ನೋಡಿದ್ದಳು. ಅಡ್ಡಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಹೆಸರು, ವರ್ಷ, ಪುಸ್ತಕ, ಊರು, ಪ್ರಕಾಶಕರು. ಎಲ್ಲಿ ಚುಕ್ಕಿ, ಎಲ್ಲಿ ಓರೆ ಅಕ್ಷರ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಮೊರದಲ್ಲಿ ಹರಳು ಕಂಡ ಹಾಗೆ ತಪ್ಪು ಕಾಣಿಸುತ್ತಿತ್ತು.

ಈ ಸಲದ ಲೇಖನವನ್ನು ಪತ್ರಿಕೆಯ ಸಂಪಾದಕರು ಒಪ್ಪಿಕೊಂಡು, ಒಂದು ಷರತ್ತಿನ ಮೇಲೆ ಮರಳಿ ಕಳಿಸಿದ್ದರು. ಲೇಖನದೊಳಗೆ ಉಲ್ಲೇಖಿಸಿದ ಪ್ರತಿಯೊಂದು ಮೂಲವೂ ಕೊನೆಯ ಸೂಚಿಯಲ್ಲಿ ಇರಬೇಕು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಸರಿಪಡಿಸಿ ಕಳಿಸದಿದ್ದರೆ ಈ ಸಂಚಿಕೆಯಲ್ಲಿ ಜಾಗವಿಲ್ಲ. ಜಾಗ ಸಿಗದಿದ್ದರೆ ವಿರೂಪಾಕ್ಷನ ಬಡ್ತಿಯ ಕಡತ ಇನ್ನೊಂದು ವರ್ಷ ಕೂತಲ್ಲೇ ಕೂರುತ್ತದೆ.

ಹೀಗಾಗಿ ಸೂಚಿಯನ್ನಷ್ಟೇ ನೋಡುತ್ತಿದ್ದವಳು ಮೊದಲ ಬಾರಿಗೆ ಲೇಖನವನ್ನೂ ಓದಬೇಕಾಯಿತು. 'ಮಲಪ್ರಭೆಯ ದಂಡೆಯ ಹೆಂಗಸರ ಮಾತಿನಲ್ಲಿ ಕಾಳುಕಡಿಯ ಪದಗಳು.' ಎರಡನೆಯ ಪುಟಕ್ಕೇ ಅವಳ ಕೈ ನಿಂತಿತು. ಕೇರುವುದು, ಒನೆಯುವುದು, ಗೇರುವುದು, ಹಸನು ಮಾಡುವುದು, ಯಾವ ಕೆಲಸಕ್ಕೆ ಯಾವ ಊರಿನಲ್ಲಿ ಯಾವ ಮಾತು ಎಂಬ ವಿವರ. ಪ್ರತಿ ಪದದ ಮುಂದೆ ಕಂಸದಲ್ಲಿ ಒಂದೇ ಮಾತು: ಲೇಖಕರ ಕ್ಷೇತ್ರಕಾರ್ಯ. ಎಣಿಸಿದಳು. ಹದಿನಾಲ್ಕು ಕಡೆ.

ಆ ಪದಗಳು ಅವಳವು. ಮದುವೆಗೆ ಮೊದಲು, ಇಪ್ಪತ್ಮೂರರ ವಯಸ್ಸಿನಲ್ಲಿ, ಮನೋಳಿಯ ನಿಜಗುಣಪ್ಪ ಹೂಲಿಯ ಮಗಳಾಗಿ ಅವಳು ಎಂ.ಫಿಲ್. ಮಾಡಿದ್ದಳು. ಎರಡು ಸುಗ್ಗಿ ಮನೋಳಿ, ಉಗರಗೋಳ, ನೇಸರಗಿಯ ಕಣಗಳಲ್ಲಿ ನೋಟುಬುಕ್ಕು ಹಿಡಿದು ಕೂತಿದ್ದಳು. ಹೆಂಗಸರು ಬರಿದೇ ಕೂತವಳನ್ನು ಕಂಡು ಕೈಗೆ ಮೊರ ಕೊಟ್ಟಿದ್ದರು. ಕೇರುತ್ತ ಕೇಳಿ, ಕೇಳುತ್ತ ಬರೆದು ಮುನ್ನೂರ ಹನ್ನೆರಡು ಪದ ಕೂಡಿಸಿದ್ದಳು. ಆಮೇಲೆ ಮದುವೆ, ನೇಸರಗಿಯ ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿ, ಶಿವಾನಿ ಹುಟ್ಟಿದ ಮೇಲೆ ಅದೂ ಇಲ್ಲ. ಹಸಿರು ರಟ್ಟಿನ ಆ ಪ್ರಬಂಧ ಕಪಾಟಿನ ಮೇಲಿನ ಅರೆಯಲ್ಲಿದೆ ಎಂದುಕೊಂಡಿದ್ದಳು. ಹೋಗಿ ನೋಡಿದರೆ ಅದು ಗಂಡನ ಮೇಜಿನ ಮೇಲಿತ್ತು, ನಡುನಡುವೆ ಚೀಟಿ ಸಿಕ್ಕಿಸಿಕೊಂಡು.

ಅನುಮಾನಕ್ಕೆ ಎಡೆಯೇ ಇರದಂತೆ ಒಂದು ಪದವಿತ್ತು: ಗಂಡಜರಡಿ. ಅದು ಲೋಕದ ಯಾವ ನಿಘಂಟಿನಲ್ಲೂ ಇಲ್ಲ. ಉಗರಗೋಳದ ಕರೆವ್ವ ಹರಿದ ಜರಡಿಯೊಂದನ್ನು ಎತ್ತಿ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, "ಇದಕ್ಕ ಗಂಡಜರಡಿ ಅಂತಾರವ್ವಾ, ಬರಕೊ" ಅಂದಿದ್ದಳು. ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದೇಕೆಂದು ಶೈಲಜಾಳಿಗೆ ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷಕ್ಕೆ. ಆಗ ಒಬ್ಬಳೇ ಅಡುಗೆಮನೆಯಲ್ಲಿ ನಕ್ಕಿದ್ದಳು. ವಿರೂಪಾಕ್ಷ ಮಾತ್ರ ಆ ಪದದ ಮೇಲೆ ಒಂದು ಪುಟ ಬರೆದಿದ್ದ.

ಬೆಳಿಗ್ಗೆ ಏಳೂವರೆಗೆ ಅವನು ಊಟಕ್ಕೆ ಕೂತಾಗ ಅವಳು ರೊಟ್ಟಿ ನೀಡುತ್ತ ಕೇಳಿದಳು. "ಹದಿನಾಲ್ಕ ಕಡೆ ಲೇಖಕರ ಕ್ಷೇತ್ರಕಾರ್ಯ ಅಂತ ಐತಿ. ಸೂಚ್ಯಾಗ ಏನಂತ ಹಾಕ್ಲಿ?"

"ಏನೂ ಹಾಕಬ್ಯಾಡ. ಅದು ಸೂಚ್ಯಾಗ ಬರೂದಿಲ್ಲ."

"ನೀವು ಉಗರಗೋಳಕ್ಕ ಯಾವಾಗ ಹೋಗಿದ್ರಿ?"

"ವರ್ಷಾ ಅಲ್ಲೇ ಎಲ್ಲಮ್ಮನ ಗುಡ್ಡಕ್ಕ ಹೋಗ್ತೇವಲ್ಲ."

"ಕಾಯಿ ಒಡಸಾಕ ಹೋಗಿದ್ರಿ."

ವಿರೂಪಾಕ್ಷ ತಲೆಯೆತ್ತಿದ. "ಒಂದ ಮನ್ಯಾಗ ನಂದು ನಿಂದು ಅಂತ ಏನೈತಿ, ಶೈಲಾ?"

"ಏನೂ ಇಲ್ಲ. ಅದಕ್ಕ ನನ್ನ ಹೆಸರ ಹಾಕೂಣಂತ ಅನ್ನಾಕ ಹತ್ತೇನಿ."

"ಅಚ್ಚಾಗಲಾರದ ಪ್ರಬಂಧ ಅದು. ಅದನ್ನ ಯಾರ ಓದ್ಯಾರ?"

"ನೀವು ಓದೀರಲ್ಲ."

ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ ತಂಗೆವ್ವ, "ಮಾತ ಸಾಕ್ ಮಾಡ್ರಿ, ರೊಟ್ಟಿ ಆರಾಕ ಹತ್ಯಾವು" ಎಂದಳು.

"ಅತ್ತೀ, ನಿಮ್ಮ ಮಗ ಗಂಡಜರಡಿ ಮ್ಯಾಲ ಒಂದ ಪುಟ ಬರದಾರ, ಕೇಳ್ರಿ" ಎಂದಳು ಶೈಲಜಾ.

ಅದು ಅವನಿಗೆ ಹಿಡಿಸಿದ ಪುಟ. ಮಾತು ಬೇರೆ ಕಡೆ ಹೊರಳಿತೆಂದು ನಿರಾಳವೂ ಆಯಿತು. ಎಡಗೈಯಲ್ಲಿ ಮೊಬೈಲು ಹಿಡಿದು ಓದಿದ. ಇಲ್ಲಿ 'ಗಂಡ' ಎಂದರೆ ಪತಿಯಲ್ಲ; ಶಾಸನಗಳಲ್ಲಿ ಬರುವ ಹಾಗೆ ವೀರ, ಬಲಿಷ್ಠ. ಆದ್ದರಿಂದ ಗಂಡಜರಡಿ ಎಂದರೆ ದೊಡ್ಡ ರಾಶಿಯನ್ನು ತಡೆದುಕೊಳ್ಳಬಲ್ಲ ಗಟ್ಟಿಮುಟ್ಟಾದ ಜರಡಿ. ಈ ನಾಡಿನ ವೀರ ಪರಂಪರೆ ಅಡುಗೆಮನೆಯವರೆಗೂ ಹರಿದುಬಂದದ್ದಕ್ಕೆ ಇದೇ ಸಾಕ್ಷಿ.

ತಂಗೆವ್ವ ಮೊದಲು ಕೆಮ್ಮಿದಳು. ಕೆಮ್ಮು ನಗೆಯಾಯಿತು, ನಗೆಯಲ್ಲಿ ಕಣ್ಣೀರು ಬಂತು. "ಎಪ್ಪಾ ಇರುಪಾಕ್ಸ, ಯಾರ ಹೇಳಿದ್ರೋ ನಿನಗಿದನ್ನ? ಅದು ನಮ್ಮ ಚ್ಯಾಷ್ಟಿ ಮಾತಲ್ಲೊ. ಹರಕ ಜರಡಿಗೆ ಹಂಗಂತೇವಿ. ಎಷ್ಟ ಹಾಕಿದ್ರೂ ಒಳಗ ಒಂದ ಕಾಳೂ ನಿಲ್ಲಂಗಿಲ್ಲ, ಗಂಡಸರಿಗೆ ಹೇಳಿದ ಮಾತ ನಿಲ್ಲಲಾರದಂಗ. ಅದರಾಗ ವೀರ ಎಲ್ಲಿಂದ ಬಂದ?"

ವಿರೂಪಾಕ್ಷ ತುತ್ತನ್ನು ಮರಳಿ ತಾಟಿಗೆ ಹಾಕಿದ. ಹೆಂಡತಿಯ ಕಡೆ ತಿರುಗಿದ. "ಏನ ಶೈಲಾ, ನೀ ತಿಳಕೊಳ್ಳಲಾರದ ಹೆಂಗ ಬರದಿ ಇದನ್ನ? ನಾಕ ಮಂದೀನ ಕೇಳಿ ಖಾತ್ರಿ ಮಾಡಿಕೋಬಾರದ?"

ಅವಳು ಇನ್ನೊಂದು ರೊಟ್ಟಿ ನೀಡಿದಳು. "ಖರೇನ ನಂದ ತಪ್ಪು. ಆಗ ಮದುವಿ ಆಗಿರಲಿಲ್ಲ, ಗೊತ್ತಾಗಲಿಲ್ಲ. ಅಂದ್ರ ತಪ್ಪಿದ್ದ ಪದ ನಂದು, ಉಳದ ಹದಿಮೂರು ನಿಮ್ಮವು. ಹೌದಲ್ರಿ?"

ಅವನು ತಾಟಿನಲ್ಲೇ ಕೈ ತೊಳೆದ. "ಆ ಪುಟ ತಗದ ಹಾಕು. ಉಳದದ್ದು ಇದ್ದಂಗ ಇರ್ಲಿ. ಹನ್ನೆರಡರ ಒಳಗ ನನ್ನ ಮೇಲ್‌ನಿಂದ ಕಳಸಿಬಿಡು, ಪಾಸ್‌ವರ್ಡ್ ನಿನಗ ಗೊತ್ತೈತಿ." ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಸೇರಿಸಿದ. "ಮತ್ತ ಹೆಸರ ಹಾಕೂದಾದ್ರೂ ಯಾವದ ಹಾಕ್ತಿ? ರಟ್ಟಿನ ಮ್ಯಾಲ ಹೂಲಿ ಅಂತ ಐತಿ, ನೀ ಈಗ ಕಡಬಿ. ಹೂಲಿ ಶೈಲಜಾ ಅಂತ ಈ ಮನ್ಯಾಗ ಯಾರೂ ಇಲ್ಲ."

ಗಾಡಿ ಓಣಿ ದಾಟಿದ ಸದ್ದು ಕೇಳಿದ ಮೇಲೆ ತಂಗೆವ್ವ ಗೋಡೆ ಹಿಡಿದು ಎದ್ದಳು. ನಗು ಆರಿತ್ತು. "ಹೆಸರಿನ ಸಲುವಾಗಿ ಯಾಕ ಬಡದಾಡ್ತಿ ಶೈಲವ್ವಾ. ರೇಷನ್ ಕಾರ್ಡಿನ್ಯಾಗ ನಂದ ಮೊದಲ ಹೆಸರು. ನಾ ಏನ ರಾಣಿ ಆಗೇನೇನ? ಅಂವ ಹೇಳಿದಂಗ ಕಳಸಿ ಬಿಡು, ಇಲ್ಲಂದ್ರ ಸಂಜಿಕ ಮನಿ ತುಂಬ ರಾಡಿ." ಕೋಲೂರುತ್ತ ಬಿಸಿಲಿಗೆ ಹೋಗಿ ಕೂತಳು. ಶಿವಾನಿ ಶಾಲೆಗೆ ಹೋಗಿಯಾಗಿತ್ತು.

ಮುಸುರೆ ತಿಕ್ಕದೆ ಶೈಲಜಾ ಕಂಪ್ಯೂಟರಿನ ಮುಂದೆ ಕೂತಳು. ಹೂಲಿ ಶೈಲಜಾ ಅಂತ ಯಾರೂ ಇಲ್ಲ ಎಂಬ ಮಾತು ಕಿವಿಯಲ್ಲೇ ಇತ್ತು. ಉಗರಗೋಳದಲ್ಲಿ ಒಂದು ದಿನ ಅವಳು ಕರೆವ್ವಳನ್ನು ಅಡ್ಡಹೆಸರು ಕೇಳಿದ್ದಳು. ಮಾಹಿತಿ ಕೊಟ್ಟವರ ಪಟ್ಟಿಗೆ ಅದು ಬೇಕಿತ್ತು. ಕರೆವ್ವ ಕೇರುವುದನ್ನು ನಿಲ್ಲಿಸಲಿಲ್ಲ. "ನನಗ್ಯಾವ ಅಡ್ಡಹೆಸರವ್ವಾ? ಮೊದಲ ಅಪ್ಪಂದಿತ್ತು, ಆಮ್ಯಾಲ ಗಂಡಂದು ಬಂತು, ಅಂವ ಸತ್ತಮ್ಯಾಲ ಯಾರೂ ಕೇಳಲಿಲ್ಲ. ಅಡ್ಡ ಬಂದವರು ಬಾಳ ಮಂದಿ, ಹೆಸರ ಮಾತ್ರ ಒಂದ. ಅದನ್ನ ಬರಿ." ಶೈಲಜಾ ಹಾಗೆಯೇ ಬರೆದಿದ್ದಳು. ಅಡ್ಡಹೆಸರಿಲ್ಲದ ಇಪ್ಪತ್ತಾರು ಹೆಂಗಸರು ಆ ಪ್ರಬಂಧದ ಕೊನೆಯ ಪುಟದಲ್ಲಿದ್ದರು. ಗಂಡನ ಲೇಖನದಲ್ಲಿ ಅವರೂ ಇರಲಿಲ್ಲ.

ಸಂಪಾದಕರು ಕಳಿಸಿದ ನಿಯಮಗಳ ಹಾಳೆ ತೆರೆದಳು. ಒಂಬತ್ತು ಸಲ ಓದಿದ್ದ ಹಾಳೆ. ಏಳನೆಯ ನಿಯಮ: ಲೇಖಕರ ಹೆಸರನ್ನು ಮೂಲ ಕೃತಿಯ ಮುಖಪುಟದಲ್ಲಿ ಇದ್ದಂತೆಯೇ ಕೊಡತಕ್ಕದ್ದು. ಲಗ್ನದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಗಂಡಜರಡಿಯ ಪುಟವನ್ನು ಅವನು ಹೇಳಿದಂತೆ ತೆಗೆದಳು. ಉಳಿದ ಹದಿಮೂರು ಕಂಸಗಳನ್ನು ಒಂದೊಂದಾಗಿ ಬಿಡಿಸಿ 'ಹೂಲಿ' ಎಂದು ತುಂಬಿದಳು. ಸೂಚಿಯಲ್ಲಿ ಹ ಅಕ್ಷರ ಕೊನೆಗೆ ಬರುತ್ತದೆ. ಮೂವತ್ತೊಂದರ ಕೆಳಗೆ ಮೂವತ್ತೆರಡನೆಯದನ್ನು ಬರೆದಳು: ಹೂಲಿ, ಶೈಲಜಾ ನಿಜಗುಣಪ್ಪ. ಅಲ್ಪವಿರಾಮ ಅದರ ಜಾಗದಲ್ಲಿತ್ತು.

ಹನ್ನೊಂದೂವರೆ. ಅವನ ಮೇಲ್ ತೆರೆದೇ ಇತ್ತು. ಅಲ್ಲಿಂದ ಕಳಿಸಿದರೆ ಇದು ಅವನೇ ಒಪ್ಪಿ ಬರೆದದ್ದಾಗುತ್ತದೆ, ಅವನು ಒಪ್ಪಿಲ್ಲ. ಸಂಜೆಗೆ ಅವನೇ ಅಳಿಸಿ ಇನ್ನೊಂದು ಪ್ರತಿ ಕಳಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಇದ್ದಂತೆ ಬಿಟ್ಟು ಕಳಿಸಿದರೆ ಬಡ್ತಿ ಬರುತ್ತದೆ, ಮನೆ ತಣ್ಣಗಿರುತ್ತದೆ, ಹತ್ತನೆಯ ಲೇಖನವನ್ನೂ ಅವಳು ಸ್ವಲ್ಪ ನೋಡಿದಂತಾಗುತ್ತದೆ. ನಿಜ ಬರೆದರೆ ಸಂಪಾದಕರು ಲೇಖನವನ್ನೇ ನಿಲ್ಲಿಸಬಹುದು. ಆಮೇಲೆ ಈ ಮನೆಯಲ್ಲಿ ಎಷ್ಟು ದಿನ ಮಾತಿಲ್ಲದೆ ರೊಟ್ಟಿ ನೀಡಬೇಕಾದೀತೋ. ಮೊಬೈಲು ಎರಡು ಸಲ ಹೊಡೆದುಕೊಂಡಿತು, ವಿರೂಪಾಕ್ಷನದೇ. ಅವಳು ಅದನ್ನು ಬೋರಲು ಹಾಕಿದಳು.

ಅವನ ಮೇಲ್ ಮುಚ್ಚಿದಳು. ತನ್ನದನ್ನು ತೆರೆದಳು, ಶಿವಾನಿಯ ಶಾಲೆಯ ಸೂಚನೆಗಳಷ್ಟೇ ಬರುತ್ತಿದ್ದ ಮೇಲ್ ಅದು. ಸಂಪಾದಕರಿಗೆ ಬರೆದಳು: 'ಈ ಲೇಖನದ ಹದಿಮೂರು ಪದಗಳು ನನ್ನ ಎಂ.ಫಿಲ್. ಪ್ರಬಂಧದವು. ಕ್ಷೇತ್ರಕಾರ್ಯ ನನ್ನದು. ತಿದ್ದುಪಡಿ ಮಾಡಿದವಳೂ ನಾನೇ. ಲೇಖಕರು ಇದಕ್ಕೆ ಒಪ್ಪಿಲ್ಲ. ತಿದ್ದಿದ ಲೇಖನ, ಜೊತೆಗೆ ಪ್ರಬಂಧದ ಮುಖಪುಟದ ಮತ್ತು ಮಾಹಿತಿ ಕೊಟ್ಟ ಇಪ್ಪತ್ತಾರು ಜನರ ಪಟ್ಟಿಯ ಚಿತ್ರ ಲಗತ್ತಿಸಿದ್ದೇನೆ.' ಪ್ರತಿ ಯಾರಿಗೆ ಎಂಬಲ್ಲಿ ಗಂಡನ ವಿಳಾಸ ಹಾಕಿದಳು. ಮತ್ತೊಮ್ಮೆ ಓದಿದಳು, ಎಲ್ಲೂ ತಪ್ಪು ಕಾಣಲಿಲ್ಲ.

ಕಳಿಸಿದಳು.